ಸಾಲಿನಲ್ಲಿ ತಪ್ಪಿದ ಹೂ

ನನ್ನ ಕಣ್ಣುಗಳು ಚೆನ್ನಾಗಿವೆ. ಕೆರೆಯ ಆಚೆ ದಂಡೆಯಲ್ಲಿ ಮೇಯುವ ಎಮ್ಮೆ ಯಾರದೆಂದು ನಮ್ಮ ಅಂಗಳದಲ್ಲಿ ನಿಂತು ಹೇಳಬಲ್ಲೆ. ಆದರೂ ಕೆಲವು ತಿಂಗಳು ಚಸ್ಮಾ ಹಾಕಿಕೊಂಡು ಓಡಾಡಿದ್ದೇನೆ. ಈಗಲೂ ಊರಲ್ಲಿ ಯಾರಾದರೂ ಎದುರಾದರೆ, "ರೇಣವ್ವ, ಕಣ್ಣ ಹೆಂಗದಾವ?" ಎಂದು ಕೇಳುತ್ತಾರೆ. "ಸುಮಾರಾಗ್ಯಾವ್ರಿ" ಎನ್ನುತ್ತೇನೆ. ನಾನು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬಂದದ್ದು ಕಣ್ಣು ತೋರಿಸಲು ಎಂದು ಊರಿಗೆಲ್ಲ ಹೇಳಿ ಆಗಿತ್ತು. ಹೇಳಿದವರು ನನ್ನ ಗಂಡ. ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದಳು ಎಂದು ಗೊತ್ತಾದರೆ ಮಗಳ ಮದುವೆಯವರೆಗೂ ಆ ಮಾತು ಬೆನ್ನು ಬಿಡುವುದಿಲ್ಲ ಎಂದು ಅವರಿಗೆ ಅಂಜಿಕೆ. ಸುಳ್ಳಿಗೆ ಒಂದು ಸಾಕ್ಷಿ ಬೇಕಲ್ಲ, ಅದಕ್ಕೆ ಬರುವಾಗ ನಂಬರಿಲ್ಲದ ಗಾಜಿನ ಚಸ್ಮಾ ಕೊಡಿಸಿದರು. ಅದನ್ನು ಎಷ್ಟು ಸಲ ಕಳೆದೆ, ಎಲ್ಲೆಲ್ಲಿ ಸಿಕ್ಕಿತು ಎನ್ನುವುದೇ ಒಂದು ಕಥೆ. ಒಮ್ಮೆ ಎಮ್ಮೆಯ ಮೇವಿನ ಗೋದಲಿಯಲ್ಲಿ ಸಿಕ್ಕಿತು. ಎಮ್ಮೆ ಮುಟ್ಟಿರಲಿಲ್ಲ, ಪುಣ್ಯ.

ಇದನ್ನು ಬರೆಯಲು ಕುಳಿತು ಬಹಳ ದಿನವಾಯಿತು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಎದ್ದು ಹೋಗುತ್ತೇನೆ, ಎದ್ದು ಹೋದವಳು ಇನ್ನೇನೋ ಹಿಡಿಯುತ್ತೇನೆ. ನನ್ನ ಹಾಗೆಯೇ ಇನ್ನೊಬ್ಬಳು ಯಾವುದೋ ಊರಲ್ಲಿ, ನನಗೆ ಯಾಕೆ ಹೀಗಾಗುತ್ತದೆ ಎಂದು ಒಲೆಯ ಮುಂದೆ ಕುಳಿತಿರಬಹುದು. ಅವಳಿಗೆ ಬುದ್ಧಿ ಹೇಳುವಷ್ಟು ನನಗೇ ಸ್ಪಷ್ಟವಿಲ್ಲ. ನನ್ನ ಗೊಂದಲವನ್ನು ಅವಳಿಗೆ ತೋರಿಸಬಹುದು, ಅಷ್ಟೇ. ಹೊಲದಿಂದಲೇ ಶುರು ಮಾಡುತ್ತೇನೆ.

ನಮ್ಮದು ಹಿರೇಕೆರೂರು ಕಡೆಯ ಹಳ್ಳಿ. ನಮ್ಮ ಹೊಲದಲ್ಲಿ ಬೆಂಡಿಯ ಬೀಜದ ಪ್ಲಾಟು ಮಾಡುತ್ತೇವೆ. ಪಲ್ಯಕ್ಕೆ ಮಾರುವ ಬೆಂಡಿಯಲ್ಲ, ಕಂಪನಿಗೆ ಬೀಜ ಬೆಳೆದು ಕೊಡುವುದು. ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತು ಹಿಡಿದು, ಉಗುರಿನಿಂದ ಸೀಳಿ, ಒಳಗಿನ ಗಂಡು ಭಾಗ ತೆಗೆದು, ಮೇಲೊಂದು ಕೆಂಪು ಕಾಗದದ ಟೋಪಿ ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ಮುಟ್ಟಿಸಿ, ಕೆಂಪು ತೆಗೆದು ಬಿಳಿ ದಾರ ಕಟ್ಟಬೇಕು. ಕೆಂಪು ಅಂದರೆ ಕೆಲಸ ಬಾಕಿ ಇದೆ, ಬಿಳಿ ಅಂದರೆ ಮುಗಿಯಿತು. ಸಂಜೆ ಕಣ್ಣಿಗೆ ಬೀಳದೆ ಉಳಿದ ಮೊಗ್ಗು ಬೆಳಿಗ್ಗೆ ತನ್ನಷ್ಟಕ್ಕೆ ಅರಳಿ, ತನ್ನ ಪರಾಗ ತಾನೇ ಮುಟ್ಟಿಸಿಕೊಂಡುಬಿಡುತ್ತದೆ. ಅದಕ್ಕೆ ನಾವು ತಪ್ಪಿದ ಹೂ ಅನ್ನುತ್ತೇವೆ. ಅದರ ಬೀಜ ಒಳ್ಳೆಯ ಬೀಜದೊಳಗೆ ಕೂಡಿದರೆ ನೋಡಲು ಎರಡೂ ಒಂದೇ. ಕಂಪನಿಯವರು ಬಿತ್ತಿ ಬೆಳೆಸಿ ನೋಡಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಆದ್ದರಿಂದ ಬೆಳಿಗ್ಗೆ ಹೆಣ್ಣಾಳುಗಳು ಬರುವ ಮುಂಚೆ ಒಬ್ಬರು ಎಲ್ಲ ಸಾಲೂ ನಡೆದು, ಟೋಪಿ ಇಲ್ಲದೆ ಅರಳಿದ ಹಳದಿ ಹೂಗಳನ್ನು ಕಿತ್ತೊಗೆಯಬೇಕು. ಅತ್ತೆಯ ಮೊಣಕಾಲು ನೋಯಲು ಹತ್ತಿದ ಮೇಲೆ ಆ ಕೆಲಸ ನನ್ನದಾಯಿತು.

ನನಗೆ ಆ ಪ್ಲಾಟೆಂದರೆ ಜೀವ. ಮನೆಯಲ್ಲಿ ನಾನು ಮರೆಗುಳಿ. ಉಪ್ಪು ಎರಡು ಸಲ ಹಾಕುವವಳು, ನೆಂಟರ ಹೆಸರು ತಪ್ಪಿ ಕರೆಯುವವಳು. ಹೊಲದಲ್ಲಿ ಹಾಗಲ್ಲ. ಮೊಗ್ಗು ಸೀಳುವುದರಲ್ಲಿ ನನ್ನಷ್ಟು ಚುರುಕು ಕೈ ಆ ಸುತ್ತಿನಲ್ಲಿ ಇರಲಿಲ್ಲ. ಕುಳಿತರೆ ಹಸಿವು, ನೀರಡಿಕೆ ಗೊತ್ತಾಗುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ, "ರೇಣಕ್ಕಾರ ಕೈ ನೋಡ್ರಿ, ಹಂಗ ಮಾಡ್ರಿ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಮನೆಯ ನೂರು ಬೈಗುಳ ನುಂಗುತ್ತಿದ್ದೆ.

ಅಂಥ ನನ್ನ ಕೈಯಲ್ಲೇ ಒಂದು ಹಂಗಾಮಿನ ಬೀಜ ಫೇಲಾಯಿತು.

ಬೆಳಿಗ್ಗೆ ಏನಾಗುತ್ತಿತ್ತೆಂದು ಹೇಳುತ್ತೇನೆ. ಸಾಲು ಹಿಡಿದು ನಡೆಯುತ್ತಿರುತ್ತೇನೆ. ಪೈಪು ಸೋರುವುದು ಕಾಣುತ್ತದೆ. ಅದಕ್ಕೆ ಸುತ್ತಲು ರಬ್ಬರು ತರೋಣವೆಂದು ಮನೆಗೆ ಬರುತ್ತೇನೆ. ಮನೆಗೆ ಬಂದ ಕೂಡಲೇ ಹಾಲು ಕಾಯಲಿಟ್ಟದ್ದು ನೆನಪಾಗುತ್ತದೆ. ಒಲೆಯ ಹತ್ತಿರ ಹೋದರೆ ಪಕ್ಕದ ಅಕ್ಕಿ ಡಬ್ಬಿಯಲ್ಲಿ ಹುಳು ಕಾಣುತ್ತದೆ. ಆಳುಗಳು ಬಂದು, "ಯಾವ ಸಾಲಿಂದ ಹಿಡೀಬೇಕ್ರಿ ಅಕ್ಕಾರ?" ಎಂದು ಕೂಗುವಾಗ ನಾನು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಾ ಕುಳಿತಿರುತ್ತೇನೆ. ಹಾಲು ಉಕ್ಕಿರುತ್ತದೆ, ಪೈಪು ಸೋರುತ್ತಲೇ ಇರುತ್ತದೆ. ಉಳಿದ ಸಾಲು ನೋಡಿದೆನೋ ಇಲ್ಲವೋ, ದೇವರಾಣೆ ನನಗೇ ಗೊತ್ತಿರುತ್ತಿರಲಿಲ್ಲ. ನೋಡಿದ್ದೇನೆ ಅಂತಲೇ ಅನ್ನಿಸುತ್ತಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನನ್ನಲ್ಲಿ ಎತ್ತೂ ನಾನೇ, ಕೋಣವೂ ನಾನೇ.

ಫೇಲಾದ ಸುದ್ದಿ ಬಂದ ದಿನ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎಲೆ ಅಡಿಕೆಯ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರುತ್ತಾ, "ಇನ್ನ ಪ್ಲಾಟ ನಿನ್ನ ಕೈಯಾಗ ಬ್ಯಾಡ, ರೇಣವ್ವ. ಬಿಟ್ಟಬಿಡು. ಗೋವಿನಜೋಳ ಹಾಕೋಣು" ಎಂದರು. ಜೋಳಕ್ಕೆ ಯಾರ ಕೈಯೂ ಬೇಕಿಲ್ಲ, ಯಾರ ಕಣ್ಣೂ ಬೇಕಿಲ್ಲ. ಅಂದು ನನ್ನನ್ನು ಮನೆಯಿಂದ ಹೊರಗೆ ಹಾಕಿದಷ್ಟು ದುಃಖವಾಯಿತು.

ಗಂಡ ನಡುವೆ ಬಂದರು. "ಒಂದ ಸಲ ಡಾಕ್ಟರಿಗೆ ತೋರಸೋಣು. ಆಮ್ಯಾಲೆ ನೋಡೋಣಂತ."

ಹಿರೇಕೆರೂರಿನ ಡಾಕ್ಟರು ರಕ್ತ ತೆಗೆಸಿದರು. ಎಲ್ಲ ಸರಿಯಾಗಿದೆ, ಟೆನ್ಶನ್ ಮಾಡಿಕೊಳ್ಳಬೇಡಿ ಎಂದರು. ಎಲ್ಲ ಸರಿಯಾಗಿದೆ ಎಂದ ಮೇಲೆ ನನ್ನ ಟೆನ್ಶನ್ ಹೆಚ್ಚಾಯಿತು. ರೋಗವಿಲ್ಲ ಅಂದರೆ ತಪ್ಪು ನನ್ನದೇ ಎಂದಾಯಿತಲ್ಲ. ಅತ್ತೆ ತಾಯತ ತಂದು ತೋಳಿಗೆ ಕಟ್ಟಿದರು. ಸ್ನಾನ ಮಾಡುವಾಗ ಬಿಚ್ಚಿಟ್ಟದ್ದು ಮತ್ತೆ ಸಿಗಲಿಲ್ಲ. ಮರೆವಿಗೆ ಕಟ್ಟಿದ ತಾಯತವನ್ನೇ ಮರೆತವಳಿಗೆ ಯಾವ ದೇವರು ಏನು ಮಾಡಿಯಾನು? ಮತ್ತೊಮ್ಮೆ ಅದೇ ಡಾಕ್ಟರ ಹತ್ತಿರ ಹೋಗಿ ಅತ್ತುಬಿಟ್ಟೆ. ಆಗ ಅವರು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು.

ಆ ಆಸ್ಪತ್ರೆಯಲ್ಲಿ ಕಾಯುವ ಜಾಗದಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ನನ್ನ ಗಂಡ, ಯಾರಾದರೂ ನಮ್ಮ ಕಡೆಯವರು ಕಂಡಾರೆಂದು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದರು. ನನ್ನ ಪಕ್ಕದಲ್ಲಿ ಸವಣೂರಿನ ಹೆಂಗಸೊಬ್ಬರು ತಮ್ಮನನ್ನು ಕರೆದುಕೊಂಡು ಬಂದು ಕುಳಿತಿದ್ದರು. ಬಹಳ ಹೊತ್ತಾದ ಮೇಲೆ ಅವರು, "ಊರಾಗ ಏನಂತ ಹೇಳಿ ಬಂದೀರಿ?" ಎಂದು ಮೆಲ್ಲಗೆ ಕೇಳಿದರು.

"ಕಣ್ಣ ತೋರಸಾಕ ಅಂತ."

"ನಾವು ಹಲ್ಲ ತೋರಸಾಕ ಅಂತ ಹೇಳಿ ಬಂದೇವ್ರಿ. ಇವಂಗ ಎಲ್ಲಾ ಹಲ್ಲ ಗಟ್ಟಿ ಅದಾವ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸುಮ್ಮನಿದ್ದ ಆ ತಮ್ಮನೂ ನಕ್ಕ. ಅವರು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಖಾರದ ಶೇವು ನನ್ನ ಕೈಗೆ ಹಾಕಿದರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಆಗ ಗೊತ್ತಾಯಿತು. ಆ ಹೆಂಗಸಿನ ಹೆಸರು ಕೇಳಲಿಲ್ಲ, ಮತ್ತೆಂದೂ ಸಿಗಲಿಲ್ಲ. ಆದರೆ ಆ ದಿನ ನನ್ನನ್ನು ಒಳಗೆ ಹೋಗುವಂತೆ ಮಾಡಿದ್ದು ಆ ನಗು.

ಒಳಗಿದ್ದ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಅವರ ಪ್ರಶ್ನೆಗಳೇ ನನ್ನನ್ನು ಗೊಂದಲಕ್ಕೆ ಹಾಕಿದವು. ಯಾರಾದರೂ ಮಾತಾಡುವಾಗ ನಿಮ್ಮ ಮನಸ್ಸು ಬೇರೆ ಕಡೆ ಹೋಗುತ್ತದೆಯೇ? ಹೋಗುತ್ತದೆ, ಎಲ್ಲರದೂ ಹೋಗುವುದಿಲ್ಲವೇ? ಕೆಲಸ ಅರ್ಧಕ್ಕೆ ಬಿಡುತ್ತೀರಾ? ಬಿಡುತ್ತೇನೆ, ಆದರೆ ಮೊಗ್ಗು ಸೀಳುವುದನ್ನು ಬಿಡುವುದಿಲ್ಲ. ಹಾಗಾದರೆ ನನಗೆ ರೋಗ ಇದೆಯೋ ಇಲ್ಲವೋ? ಉತ್ತರ ಹೇಳುತ್ತಾ ಹೇಳುತ್ತಾ ನಾನು ನಾಟಕ ಮಾಡುತ್ತಿದ್ದೇನೆ ಎಂದು ನನಗೇ ಅನುಮಾನ ಬಂತು. ಬೈಗುಳ ತಪ್ಪಿಸಿಕೊಳ್ಳಲು ರೋಗ ಹುಡುಕುತ್ತಿದ್ದೇನೆಯೇ? ಅವರು ಪೆನ್ನು ಕೆಳಗಿಟ್ಟು, "ಸಣ್ಣಾಕಿ ಇದ್ದಾಗ ನೀವು ಹೆಂಗಿದ್ರಿ ಅಂತ ಹೇಳವರು ಯಾರರ ಅದಾರೇನ್ರಿ? ಅವರನ್ನ ಕರಕೊಂಡ ಬರ್ರಿ" ಎಂದರು.

ನಮ್ಮವ್ವ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಉಳಿದವನು ಅಪ್ಪ.

ನಮ್ಮಪ್ಪ ಫಕ್ಕೀರಪ್ಪ ಹಿರೇಬೆಂಡಿಗೇರಿಯಲ್ಲಿ ನನ್ನ ತಮ್ಮನ ಜೊತೆ ಇದ್ದಾನೆ. ಅವನನ್ನು ಇಡೀ ಊರು ಪ್ರೀತಿಸುತ್ತದೆ, ಅವನನ್ನು ನೋಡಿ ಇಡೀ ಊರು ನಗುತ್ತದೆ. ಬಿತ್ತಲು ಹೋದವನು ದಾರಿಯಲ್ಲಿ ಬೇರೆಯವರ ಕೂರಿಗೆ ರಿಪೇರಿ ಮಾಡಿ ಮನೆಗೆ ಬಂದವನು. ತಡಸದ ಬಸ್‌ಸ್ಟ್ಯಾಂಡಿಗೆ ಅವನು ಬಂದು ನಿಲ್ಲುವುದು, ನಾನು ಹಾನಗಲ್ಲಿನಿಂದ ಬರುವ ಬಸ್ಸಿನಲ್ಲಿ ಅವನನ್ನು ಹತ್ತಿಸಿಕೊಳ್ಳುವುದು ಎಂದು ಮಾತಾಗಿತ್ತು. ಬಸ್ಸು ತಡಸ ಮುಟ್ಟಿದಾಗ ಅಪ್ಪ ಇರಲಿಲ್ಲ. ಇಳಿದು ಹುಡುಕಿದೆ. ಸ್ವಲ್ಪ ದೂರದ ವೆಲ್ಡಿಂಗ್ ಅಂಗಡಿಯಲ್ಲಿ, ಯಾರದೋ ಗೇಟಿನ ಒಂದು ತುದಿ ಎತ್ತಿ ಹಿಡಿದುಕೊಂಡು ನಿಂತಿದ್ದ.

"ಬಂದ್ಯಾ ಯವ್ವಾ? ಬಸ್ಸ ಎಲ್ಲೈತಿ?"

"ಹೋತಪ್ಪಾ."

"ಹೋಗ್ಲಿ ಬಿಡು. ಈ ಗೇಟ ಒಂದ ಆಗಿಬಿಡ್ಲಿ, ಪಾಪ, ಹುಡುಗ ಒಬ್ಬನ ಅದಾನ."

ಡಾಕ್ಟರ ಮುಂದೆ ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಬಹಳ ಗಂಭೀರವಾಗಿ ಕುಳಿತ. ಮಗಳ ಮೇಲೆ ಏನೋ ದೂರು ಬಂದಿದೆ, ತಾನು ಸಾಕ್ಷಿ ಹೇಳಿ ಬಿಡಿಸಿಕೊಂಡು ಹೋಗಬೇಕು ಎಂದು ಅವನ ತಿಳುವಳಿಕೆ.

"ಈಕಿ ಭಾಳ ಛಲೋ ಹುಡುಗಿ ಇದ್ಲ್ರಿ. ಏನೂ ದೋಷ ಇರಲಿಲ್ಲ. ಬೇಕಾರ ಒಂದ ಮಾತ ಹೇಳ್ತೇನಿ ಕೇಳ್ರಿ" ಎಂದು ಶುರು ಮಾಡಿದ. "ಒಮ್ಮೆ ಹರಿಹರಕ್ಕ ಹೋಗಬೇಕಂತ ನಾನೂ ಈಕೀನೂ ಯಲವಿಗಿ ಸ್ಟೇಷನ್ನಿಗೆ ಹೋದ್ವಿ. ಗಾಡಿ ಬರೋದಕ್ಕ ಹೊತ್ತಿತ್ತು. ಕುಂತ್ವಿ. ಒಂದ ಇರವಿ ಸಾಲು, ಒಂದ ಸತ್ತ ಜೀರುಂಡಿ ಎಳಕೊಂಡ ಹೊಂಟಿದ್ವು. ಈಕಿ, ಅಪ್ಪಾ ನೋಡು ಅಂದ್ಲು. ನಾ ನೋಡಿದೆ. ಆ ಜೀರುಂಡಿ ಒಂದ ಕಲ್ಲಿನ ಸಂದ್ಯಾಗ ಸಿಕ್ಕೊಂತು. ಈಕಿ ಕಡ್ಡಿ ಹಾಕಿ ಬಿಡಿಸಿದ್ಲು. ನಾವು ತಲಿ ಎತ್ತೂದ್ರಾಗ ಗಾಡಿ ಬಂದು, ನಿಂತು, ಹೋಗಿತ್ತು. ನಮ್ಮ ಮುಂದ ನಿಂತಿತ್ರಿ ಗಾಡಿ! ಇಬ್ರಿಗೂ ಗೊತ್ತಾಗಲಿಲ್ಲ. ಅಷ್ಟ ಲಕ್ಷ್ಯ ಕೊಟ್ಟ ನೋಡೋ ಹುಡುಗಿ. ಮರವ ಅಂದ್ರ ಹೆಂಗ ನಂಬಬೇಕ್ರಿ?"

ಡಾಕ್ಟರು ನಗಲಿಲ್ಲ. ಏನೋ ಬರೆದುಕೊಂಡು, "ನಿಮಗೂ ಹಂಗ ಆಗ್ತಿತ್ತೇನ್ರಿ ಅಪ್ಪಾರ? ಕೆಲಸ ಮುಗಸೂದು ಕಷ್ಟ ಆಗ್ತಿತ್ತಾ?" ಎಂದು ಕೇಳಿದರು.

"ನನಗೇನ ಕಷ್ಟ? ನಮ್ಮಾಕಿ ಇದ್ಲಲ್ರಿ. ನಾ ಬಿಟ್ಟದ್ದನ್ನ ಹಿಂದಿಂದ ಬಂದು ಮುಗಸಾಕಿ. ನಾ ಕುಡಗೋಲ ಬಿಟ್ಟ ಬಂದ್ರ ಆಕಿ ತರಾಕಿ. ಬದುವಿನ ನೀರ ಬಿಟ್ಟ ಬಂದ್ರ ಆಕಿ ಕಟ್ಟಾಕಿ. ನನಗ ಏನೂ ಗೊತ್ತ ಆಗಗೊಡಲಿಲ್ಲ." ರುಮಾಲಿನ ಅಂಚು ತೀಡಿದ. "ಈಗ ಗೊತ್ತ ಆಗಾಕತ್ತೈತಿ."

ಅಂದು ಡಾಕ್ಟರು ನನ್ನ ಸ್ಥಿತಿಗೆ ಒಂದು ಹೆಸರು ಹೇಳಿದರು. ಎಡಿಎಚ್‌ಡಿ, ಅಂದರೆ ಲಕ್ಷ್ಯ ಒಂದು ಕಡೆ ನಿಲ್ಲದ ತೊಂದರೆ. ಹುಟ್ಟಿನಿಂದ ಇರುವುದು, ದೊಡ್ಡವರಲ್ಲೂ ಇರುತ್ತದೆ, ಹೆಂಗಸರಲ್ಲಿ ಬಹಳ ಸಲ ಯಾರೂ ಗುರುತಿಸುವುದಿಲ್ಲ ಎಂದರು. ಅಪ್ಪನಿಗೂ ನೋಡೋಣವೇ ಎಂದು ಕೇಳಿದರು. ಅಪ್ಪ ಕೈ ಮುಗಿದ. "ಬ್ಯಾಡ್ರಿ. ಈ ವಯಸ್ಸಿನ್ಯಾಗ ನನಗ ಹೊಸ ಹೆಸರ ಯಾಕ?"

ಹೆಸರು ಸಿಕ್ಕರೆ ಸಮಾಧಾನವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆಗಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದೆ. ಉಪ್ಪು ಎರಡು ಸಲ ಹಾಕುವುದು ರೋಗ ಎಂದರೆ, ಮೊಗ್ಗು ಸೀಳುವ ಚುರುಕು ಯಾರದು? ಅದೂ ರೋಗವೇ? ನನ್ನೊಳಗೆ ರೋಗ ಎಲ್ಲಿ ಮುಗಿದು ನಾನು ಎಲ್ಲಿ ಶುರುವಾಗುತ್ತೇನೆ? ಅದಕ್ಕಿಂತ ಹೆಚ್ಚಾಗಿ ಅಪ್ಪ. ಅವನನ್ನು ನೋಡಿ ನಾವೆಲ್ಲ ಎಷ್ಟು ನಕ್ಕಿದ್ದೇವೆ! ಅವ್ವ ಒಬ್ಬಳೇ ನಕ್ಕಿರಲಿಲ್ಲ. ಅಪ್ಪ ಪಕ್ಕದಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದ, ರುಮಾಲನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದ. ಅದನ್ನು ನಾನೂ ನೋಡಿರಲಿಲ್ಲ. ನನಗೆ ಅಳು ಬಂತು, ಯಾರಿಗಾಗಿ ಎಂದು ತಿಳಿಯಲಿಲ್ಲ.

ಗುಳಿಗೆ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ತೆಗೆದುಕೊಂಡು ಪಾತ್ರೆ ತಿಕ್ಕುತ್ತಿದ್ದೆ. ಹಿಟ್ಟಿನ ಗಿರಣಿ ನಿಂತಾಗ, ಇಷ್ಟು ಹೊತ್ತು ಸದ್ದು ಇತ್ತು ಎಂದು ಆಮೇಲೆ ಗೊತ್ತಾಗುತ್ತದಲ್ಲ, ಹಾಗಾಯಿತು. ಪಾತ್ರೆಗಳೆಲ್ಲ ಮುಗಿದವು. ನಡುವೆ ನಾನು ಎಲ್ಲಿಗೂ ಎದ್ದು ಹೋಗಿರಲಿಲ್ಲ. ಉಳಿದವರ ತಲೆ ದಿನಾಲೂ ಹೀಗೇ ಇರುತ್ತದೆಯೇ? ಹಾಗಿದ್ದರೆ ಇಷ್ಟು ವರ್ಷ ಅವರೆಲ್ಲ ನನ್ನನ್ನು ಬೈದದ್ದು ಯಾವ ಲೆಕ್ಕ? ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ಆ ಮೌನದಲ್ಲಿ ನನ್ನ ಜೊತೆ ಯಾರೂ ಇಲ್ಲ ಅನ್ನಿಸಿತು.

ಗುಳಿಗೆಯಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ಒಣಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ, ಮರೆವಿನ ಗುಳಿಗೆ ನುಂಗುವುದನ್ನು ಮರೆಯುತ್ತಿದ್ದೆ. ನುಂಗಿದೆನೋ ಇಲ್ಲವೋ ಎಂಬ ಅನುಮಾನ ಬೇರೆ. ಫೋನಿನಲ್ಲಿ ಗಂಟೆ ಇಟ್ಟುಕೊಳ್ಳಿ, ಮಾಡಬೇಕಾದ್ದನ್ನು ಬರೆದಿಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಗಂಟೆ ಹೊಡೆಯುತ್ತಿತ್ತು, ನಾನು ಅದರ ಬಾಯಿ ಮುಚ್ಚಿ ಕೈಯಲ್ಲಿದ್ದ ಕೆಲಸಕ್ಕೆ ತಿರುಗುತ್ತಿದ್ದೆ. ಬರೆದಿಟ್ಟ ಚೀಟಿಯನ್ನು ಮಗಳು ಚೈತ್ರಾ ನನ್ನ ಸೀರೆಯೊಂದಿಗೆ ಒಗೆದು ಒಣಹಾಕಿದಳು.

ದಾರಿ ಸಿಕ್ಕದ್ದು ಅಟ್ಟದ ಮೇಲೆ. ಹಳೆಯ ಹಂಗಾಮಿನಲ್ಲಿ ಉಳಿದ ಕೆಂಪು ಕಾಗದದ ಕಟ್ಟು ಕೈಗೆ ಸಿಕ್ಕಿತು. ಅದನ್ನು ಹಿಡಿದು ನಿಂತಾಗ ಹೊಳೆಯಿತು, ಇಷ್ಟು ವರ್ಷಗಳಲ್ಲಿ ಕೆಂಪು ಟೋಪಿ ಹಾಕಿದ ಮೊಗ್ಗನ್ನು ನಾನು ಒಮ್ಮೆಯೂ ಮರೆತಿಲ್ಲ. ಟೋಪಿ ಇಲ್ಲದ ಹೂ ತಪ್ಪಿದೆ, ಟೋಪಿ ಇದ್ದದ್ದು ತಪ್ಪಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ನನ್ನ ಕಥೆ. ಅಂದೇ ಒಲೆಯ ಮೇಲೆ ಹಾಲಿಟ್ಟು ಅಡುಗೆಮನೆಯ ಬಾಗಿಲ ಚಿಲಕಕ್ಕೆ ಒಂದು ಕೆಂಪು ಕಾಗದ ಸಿಕ್ಕಿಸಿದೆ. ಹೊರಗೆ ಹೋಗಲು ಚಿಲಕ ಹಿಡಿದರೆ ಕೈಗೆ ಕೆಂಪು ತಗಲಿತು. ಹಾಲು ನೆನಪಾಯಿತು.

ಆಮೇಲೆ ನನ್ನ ಬುದ್ಧಿ ಅಷ್ಟಕ್ಕೇ ನಿಲ್ಲಬೇಕಲ್ಲ! ಪಂಪ್‌ಸೆಟ್ಟಿನ ಗುಂಡಿಗೆ ಕೆಂಪು, ಗುಳಿಗೆ ಡಬ್ಬಿಗೆ ಕೆಂಪು, ಚೈತ್ರಾಳ ಊಟದ ಡಬ್ಬಿಗೆ ಕೆಂಪು, ಎಮ್ಮೆಯ ಕೋಡಿಗೂ ಕೆಂಪು. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನೋಡಿ, "ಇದೇನ ಮನಿಯೋ, ಪತಾಕಿ ಅಂಗಡಿಯೋ?" ಎಂದರು. ಎಲ್ಲೆಲ್ಲೂ ಕೆಂಪಾದ ಮೇಲೆ ನನಗೆ ಯಾವುದೂ ಕಾಣದಾಯಿತು. ಯಾವುದಕ್ಕೆ ಯಾಕೆ ಕಟ್ಟಿದೆ ಎಂದೂ ಮರೆತುಹೋಯಿತು. ಹೊಲದ ನಿಯಮವನ್ನೇ ಮನೆಗೂ ತಂದೆ. ನಾಳೆ ಅರಳುವ ಮೊಗ್ಗಿಗೆ ಮಾತ್ರ ಟೋಪಿ, ಆ ದಿನದ ಕೆಲಸಕ್ಕೆ ಮಾತ್ರ ಕಾಗದ, ಮುಗಿದ ಕೂಡಲೇ ತೆಗೆಯಬೇಕು. ಅಷ್ಟರ ಮೇಲೆ ಮನೆ ಸ್ವಲ್ಪ ಹಿಡಿತಕ್ಕೆ ಬಂತು. ಪೂರ್ತಿ ಬರಲಿಲ್ಲ, ಈಗಲೂ ಬಂದಿಲ್ಲ.

ಬಿತ್ತನೆ ಹತ್ತಿರ ಬಂದಾಗ ನಾನೇ ಬಾಯಿ ಬಿಟ್ಟೆ. "ಅತ್ತೀ, ಈ ಸಲ ಪ್ಲಾಟ ನನಗ ಕೊಡ್ರಿ. ಒಂದ ಸಲ ನೋಡ್ರಿ."

ಅತ್ತೆ ಬಹಳ ಹೊತ್ತು ಎಲೆ ಅಗಿದರು. ಅವರಿಗೆ ನನ್ನ ರೋಗದ ಮೇಲೆ ನಂಬಿಕೆ ಇರಲಿಲ್ಲ. "ಮರವಿಗೂ ಗುಳಗಿ ಅದಾವಂದ್ರ, ನಾಳೆ ಸಿಟ್ಟಿಗೂ ಬರ್ತಾವ" ಎಂದು ಆಡಿಕೊಂಡಿದ್ದರು. ಕೊನೆಗೆ, "ಮಾಡು. ಆದ್ರ ಮುಂಜಾನೆ ನೀ ಸಾಲ ಹಿಡದಾಗ ನಾ ಹಿಂದ ನಡೀತೇನಿ" ಎಂದರು. "ಈ ಸಲಾನೂ ಫೇಲ್ ಆದ್ರ ಮುಗೀತು. ಮತ್ತ ಪ್ಲಾಟಿನ ಹೆಸರ ಎತ್ತಬಾರದು."

ಇಬ್ಬನಿ ಬಿದ್ದ ಸಾಲಿನಲ್ಲಿ ದಿನಾ ಬೆಳಿಗ್ಗೆ ನಾನು ಮುಂದೆ, ನೋಯುವ ಮೊಣಕಾಲು ಎಳೆಯುತ್ತಾ ಅತ್ತೆ ಹಿಂದೆ. ಆ ಹೆಜ್ಜೆ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಆಳುಗಳ ಮುಂದೆ ಅವಮಾನ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಕಾವಲು! ಪೈಪು ಸೋರುವುದು ಕಂಡರೆ ಪಕ್ಕದ ಗಿಡದ ಬುಡಕ್ಕೆ ಒಂದು ಕೆಂಪು ಕಾಗದ ಸಿಕ್ಕಿಸಿ ಮುಂದೆ ಹೋಗುತ್ತಿದ್ದೆ. ಹಳದಿ ಹೂ ಕಂಡರೆ ಕಿತ್ತು ಒಗೆಯುತ್ತಿದ್ದೆ. ಅತ್ತೆ ಒಂದು ದಿನವೂ, "ಇದನ್ನ ಬಿಟ್ಟಿ ನೋಡು" ಎನ್ನಲಿಲ್ಲ. ಅದರಿಂದ ನನಗೆ ಧೈರ್ಯ ಬಂತು. ಒಂದೂ ತಪ್ಪುತ್ತಿಲ್ಲ ಎಂದುಕೊಂಡೆ.

ಆ ನಡುವೆ ಅಪ್ಪ ಬಂದು ಕೆಲವು ದಿನ ಇದ್ದು ಹೋದ. ಕೆಂಪು ಕಾಗದದ ವಿದ್ಯೆ ನೋಡಿ ಬಹಳ ಖುಷಿಪಟ್ಟು ಅಂಗಿಯ ಕಿಸೆಯಲ್ಲಿ ಒಂದಿಷ್ಟು ತುಂಬಿಕೊಂಡು ಹೋದ. ಸ್ವಲ್ಪ ದಿನಗಳಲ್ಲೇ ಒಂದು ಮಧ್ಯಾಹ್ನ ಮತ್ತೆ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿಗೆ ಒಂದು ಕೆಂಪು ಕಾಗದ ಕಟ್ಟಿಕೊಂಡಿದ್ದ.

"ಇದನ್ನ ಯಾತಕ್ಕ ಕಟ್ಟಿದ್ನೋ ಮರತೇನ ಯವ್ವಾ. ನಿನಗರ ಗೊತ್ತಿದ್ದೀತು ಅಂತ ಕೇಳಾಕ ಬಂದೆ."

ಅತ್ತೆ ಒಳಗಿನಿಂದ ನೀರು ತಂದು ಕೊಟ್ಟರು. ನಾವೆಲ್ಲ ನಕ್ಕೆವು, ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಈ ಸಲ ನಕ್ಕು ಬಿಡದೆ ಅವನ ಪಕ್ಕದಲ್ಲಿ ಕುಳಿತು, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದೆ ಎಂದು ಒಂದೊಂದಾಗಿ ಕೇಳಿದೆ.

ಬೇಸಿಗೆಯಲ್ಲಿ ಕಂಪನಿಯಿಂದ ಸುದ್ದಿ ಬಂತು. ಬೀಜ ಪಾಸಾಗಿತ್ತು. ಗಂಡ ಪೇಢೆ ತಂದರು. ನಾನು ಯಾರಿಗೂ ಕಾಣದ ಹಾಗೆ ಹಿತ್ತಲಿಗೆ ಹೋಗಿ ಅತ್ತು ಬಂದೆ. ಗೆದ್ದೆ ಅನ್ನಿಸಿತು. ನಾನೂ ಎಲ್ಲರ ಹಾಗೆ ಒಂದು ಕೆಲಸ ಪೂರ್ತಿ ಮಾಡಿದೆ, ಯಾರ ಆಸರೆಯೂ ಇಲ್ಲದೆ.

ಆ ವಾರ ಬಟ್ಟೆ ಒಗೆಯುವಾಗ ಅತ್ತೆಯ ಎಲೆ ಅಡಿಕೆಯ ಸಂಚಿ ಕೈಗೆ ಬಂತು. ಬಟ್ಟೆಯ ಸಂಚಿ, ಅದರಲ್ಲಿ ಮೂರು ನಾಲ್ಕು ಅರೆ ಇರುತ್ತವೆ. ಒಳಗೆ ಕಸ ಇರಬಾರದೆಂದು ಮಗುಚಿ ಜಾಡಿಸಿದೆ. ಸುಣ್ಣದ ಪುಡಿ, ಅಡಿಕೆ ಚೂರು ಬಿದ್ದವು. ಕೊನೆಯ ಅರೆಯಿಂದ ಒಣಗಿದ ಹೂಗಳು ಬಿದ್ದವು. ಬೆಂಡಿಯ ಹೂ, ಹಳದಿ ಸುಟ್ಟು ಕಂದಾಗಿತ್ತು, ಬುಡದ ಕಪ್ಪು ಕೆಂಪು ಹಾಗೇ ಇತ್ತು.

ಒಗೆಯುವ ಕಲ್ಲಿನ ಮೇಲೆ ಹಾಗೇ ಕುಳಿತೆ. ನಾನು ಬಿಟ್ಟ ಹೂಗಳನ್ನು ಹಿಂದಿನಿಂದ ಕಿತ್ತು, ನೆಲಕ್ಕೆ ಎಸೆದರೆ ನನಗೆ ಕಾಣುತ್ತದೆ ಎಂದು ಸಂಚಿಗೆ ಹಾಕಿಕೊಂಡಿದ್ದರು. ದಿನಾಲೂ ಎಷ್ಟು ಹೂ ಆ ಸಂಚಿಯೊಳಗೆ ಹೋಗಿ ಎಮ್ಮೆಯ ಗೋದಲಿಗೆ ಬಿದ್ದಿದ್ದವೋ! ಹಾಗಾದರೆ ಪಾಸಾದದ್ದು ಯಾರು? ಗುಳಿಗೆಯೋ, ಕೆಂಪು ಕಾಗದವೋ, ನಾನೋ, ಅತ್ತೆಯೋ? ಒಂದು ಹಿಡಿ ಹೂ ಹಿಡಿದು ಅವರ ಮುಂದೆ ಹೋಗಿ ನಿಂತೆ.

ಅತ್ತೆ ಹೂ ನೋಡಿದರು, ನನ್ನ ಮುಖ ನೋಡಿದರು.

"ಎಷ್ಟ ಇದ್ವ್ರಿ ಅತ್ತೀ?"

"ಯಾರ ಎಣಸ್ಯಾರ?"

"ಅಂದ್ರ ನಾ ಮಾಡಿದ್ದು ಏನೂ ಇಲ್ಲಂದಂಗಾತು. ಈ ಸಲಾನೂ ನನ್ನ ಕೈಲೆ ಆಗಲಿಲ್ಲ."

"ಹುಚ್ಚಿ" ಎಂದರು ಅತ್ತೆ. "ತಪ್ಪಿದ ಹೂ ಇಲ್ಲದ ಸಾಲ ಎಲ್ಲೆರ ಐತೇನ? ನಾ ಪ್ಲಾಟ ಮಾಡೂವಾಗ ನನ್ನ ಹಿಂದ ನಿಮ್ಮ ಮಾವ ನಡೀತಿದ್ರು. ಧೋತರದ ಚುಂಗಿನ್ಯಾಗ ಹೂ ಕಟಗೊಂಡ ಬರ್ತಿದ್ರು. ನನಗ ಒಂದ ದಿನ ಹೇಳಲಿಲ್ಲ. ಅವರು ತೀರಿಕೊಂಡ ವರ್ಸ ಒಬ್ಬಾಕಿನ ಸಾಲ ಹಿಡದಾಗ ನನಗ ಗೊತ್ತಾತು." ನನ್ನ ಕೈಯ ಹೂಗಳನ್ನು ತೆಗೆದು ತಮ್ಮ ಮಡಿಲಿಗೆ ಹಾಕಿಕೊಂಡರು. "ಫೇಲ್ ಆದ ವರ್ಸ ನಿನ್ನ ಹಿಂದ ಯಾರೂ ನಡೀಲಿಲ್ಲ. ಮೊಣಕಾಲ ನೋವಂತ ನಾ ಮನಿಯಾಗ ಕುಂತೆ. ನಿಮ್ಮಪ್ಪಗ ನಿಮ್ಮವ್ವ ನಡದಳು. ನಿನಗ ನಾ ನಡೀತೇನಿ. ಅದಕ್ಕ ಏನ ಹೆಸರ ಬೇಕ, ಆ ಹೆಸರ ಇಟ್ಟಗೋ."

ಅವರಿಗೆ ನನ್ನ ರೋಗ ಗೊತ್ತಾಗಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ನನಗೇ ಅದು ಪೂರ್ತಿ ತಿಳಿದಿಲ್ಲ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗುತ್ತೇನೆ, ಕಾಯುವಾಗ ಈಗ ನೆಲ ನೋಡುವುದಿಲ್ಲ. ಹೊಸಬರು ಯಾರಾದರೂ ಕುಗ್ಗಿ ಕುಳಿತಿದ್ದರೆ, "ಊರಾಗ ಏನಂತ ಹೇಳಿ ಬಂದೀರಿ?" ಎಂದು ನಾನೇ ಕೇಳುತ್ತೇನೆ. ಕೊನೆಯ ಸಲ ಕಳೆದ ಚಸ್ಮಾವನ್ನು ಮತ್ತೆ ಹುಡುಕಲಿಲ್ಲ.

ಈ ವರ್ಷದ ಪ್ಲಾಟೂ ನನ್ನ ಕೈಯಲ್ಲೇ ಇದೆ. ಮೊಗ್ಗು ಬರಲು ಹತ್ತಿದೆ. ಬೆಳಿಗ್ಗೆ ಸಾಲು ಹಿಡಿದು ನಡೆಯುವಾಗ ಹಿಂದೆ ಮೊಣಕಾಲು ಎಳೆಯುವ ಸದ್ದು ಕೇಳುತ್ತಿರುತ್ತದೆ. ಮೊನ್ನೆ ನಡುವೆ ಎಲ್ಲೋ ಅದು ನಿಂತುಹೋಯಿತು. ನಾನೂ ನಿಂತೆ. ತಿರುಗಿದರೆ ಎದೆಯೆತ್ತರದ ಬೆಂಡಿ ಗಿಡಗಳು, ಮಂಜು, ಅತ್ತೆ ಕಾಣಲಿಲ್ಲ.

"ಅತ್ತೀ, ಎಲ್ಲದೀರಿ?"

ಗಿಡಗಳ ನಡುವೆ ಬಗ್ಗಿದ್ದವರು ಎದ್ದರು. ಸಂಚಿಯ ದಾರ ಎಳೆದು ಬಿಗಿ ಮಾಡಿದರು.

"ಇಲ್ಲೇ ಅದೇನಿ. ನೀ ನಡಿ."